‘ಜವಾರಿ ಮಂದ’ ಅಂತ ಆರು ಸಲ ಬರೆದಿದ್ದರು

ಆ ಹೆಣ್ಣುಮಗಳು ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದಾಗ ಕೈಯಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇತ್ತು. ಕುರ್ಚಿಯಲ್ಲಿ ಸರಿಯಾಗಿ ಕೂತಿರಲಿಲ್ಲ, ಅದನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. "ನಾ ಏನೂ ಹೇಳಂಗಿಲ್ರಿ. ಇದನ್ನ ಓದ್ರಿ, ಎಲ್ಲಾ ತಿಳೀತೈತಿ" ಅಂದರು.

ಬೆಳಗಾವಿಯ ಕುಟುಂಬ. ಗಂಡ, ಹೆಂಡತಿ ಇಬ್ಬರೂ ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಗಂಡನಿಗೆ ನಲವತ್ತೊಂದು. ಉದ್ಯಮಬಾಗದ ಕಡೆ ಒಂದು ಫೌಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ. ಎರಕ ಹೊಯ್ದು ತೆಗೆದ ಲೋಹವನ್ನು ಉಜ್ಜಿ ಸಾಪು ಮಾಡುವ ಫೆಟ್ಲಿಂಗ್ ವಿಭಾಗ. ಒಬ್ಬಳೇ ಮಗಳು, ಏಳನೇ ಇಯತ್ತೆ.

ಪುಸ್ತಕ ಗಂಡನದು. ಅವರು ಕೇಳಿದ ಪ್ರತಿ ಸಂಗೀತ ಕಛೇರಿಯ ದಾಖಲೆ. ಸ್ಕೇಲ್ ಇಟ್ಟು ಗೆರೆ ಹೊಡೆದಿದ್ದರು. ದಿನಾಂಕ, ಊರು, ಹಾಡಿದವರು, ರಾಗ, ತಬಲಾ ಮತ್ತು ಪೇಟಿ (ಹಾರ್ಮೋನಿಯಂ) ಸಾಥ್, ಮುಗಿದ ಹೊತ್ತು, ಕೊನೆಗೆ ಷರಾ. ನೀಲಿ ಶಾಯಿ, ಮುತ್ತಿನಂಥ ಅಕ್ಷರ. ಆದರೆ ಕಳೆದ ಒಂದು ವರ್ಷದ ಹಾಳೆಗಳಲ್ಲಿ ಅಂಚಿನ ಉದ್ದಕ್ಕೂ ಕೆಂಪು ಪೆನ್ನಿನ ಬೇರೆ ಕೈಬರಹ ಇತ್ತು. ಕುಂದಗೋಳದ ರಾತ್ರಿಯ ಮುಂದೆ "ಮಗಳ ಗ್ಯಾದರಿಂಗ್, ಡಾನ್ಸ್ ಇತ್ತು" ಅಂತ, ಅಂದರೆ ಶಾಲೆಯ ವಾರ್ಷಿಕೋತ್ಸವ. ಧಾರವಾಡದ ಒಂದು ಸಂಜೆಯ ಮುಂದೆ "ಜ್ವರ 102". ಪುಣೆಯ ಮೂರು ದಿನಕ್ಕೂ ಸೇರಿಸಿ ಒಂದು ಕೆಂಪು ಕಂಸ, ಅದರ ಪಕ್ಕ "ಅಣ್ಣನ ಮಗನ ಜವಳ. ಒಬ್ಬಾಕಿನ ಹೋದೆ".

ಎಷ್ಟೋ ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಒಂದು ಮನೆಯ ಜಗಳ ಒಂದೇ ಹಾಳೆಯ ಮೇಲೆ ಎರಡು ಬಣ್ಣದಲ್ಲಿ ಇಷ್ಟು ಸ್ಪಷ್ಟವಾಗಿ ಬರೆದದ್ದನ್ನು ನಾನು ನೋಡಿರಲಿಲ್ಲ.

ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಇದು ದುಡ್ಡು ಮತ್ತು ಹೊತ್ತಿನ ಪ್ರಶ್ನೆ ಅಂದುಕೊಂಡೆ. ಲೆಕ್ಕಕ್ಕೆ ಕೂತೆ. ಹಿಂದೆಲ್ಲ ವರ್ಷಕ್ಕೆ ಹನ್ನೆರಡು, ಹದಿನೈದು ಕಛೇರಿ ಕೇಳುತ್ತಿದ್ದರು. ಕಳೆದ ವರ್ಷಕ್ಕಿಂತ ಹಿಂದಿನ ವರ್ಷ ಇಪ್ಪತ್ತೇಳು. ಕಳೆದ ವರ್ಷ ನಲವತ್ಮೂರು. ಟಿಕೆಟ್ಟಿಗೆ ಖರ್ಚಾದದ್ದು ಬಹಳ ಕಡಿಮೆ. ನಮ್ಮ ಕಡೆ ಹೆಚ್ಚಿನ ಕಛೇರಿಗಳು ಪುಕ್ಕಟೆ ಅಲ್ವಾ? ಜಮಖಾನೆ ಹಾಸಿರುತ್ತಾರೆ, ಬಂದವರೆಲ್ಲ ಕೂತು ಕೇಳಬಹುದು. ಪೆಟ್ಟು ಬಿದ್ದದ್ದು ಪಗಾರಿಗೆ. ರಾತ್ರಿಯಿಡೀ ಕೇಳಿ, ಮುಂಜಾನೆ ಬಸ್ಸಿಳಿದು, ಶಿಫ್ಟ್ ತಪ್ಪಿಸಿದ್ದು ಹದಿನೇಳು ದಿನ. ಬಸ್ಸು, ರೈಲಿನ ಖರ್ಚಿಗಿಂತ ಅದೇ ಜಾಸ್ತಿ ಆಗಿತ್ತು.

"ನಾ ಹಾಡಿಗೆ ಬ್ಯಾಡ ಅನ್ನಾಕಿ ಅಲ್ರಿ. ಆದ್ರ ಮನ್ಯಾಗ ಇದ್ದಾಗೂ ಇರಂಗಿಲ್ಲ ಅವರು. ನಾ ಮಾತಾಡಿದ್ರ ಕೇಳಸ್ದಂಗ ಕುಂತಿರ್ತಾರ. ಮಗಳು ಸಾಲಿ ಸುದ್ದಿ ಹೇಳಾಕ ಬಂದ್ರ ಹೂಂ ಹೂಂ ಅಂತಾರ, ಒಂದು ಅಕ್ಷರಾನೂ ಕಿವ್ಯಾಗ ಹಾಕ್ಕೊಂಡಿರಂಗಿಲ್ಲ. ಆ ತಂಬೂರಿ ಅಷ್ಟ ಕೇಳ್ತೈತಿ ಅವರಿಗೆ" ಅಂದರು ಆಕೆ. ನಾನು ಬರೆದುಕೊಂಡೆ. ಬರೆದುಕೊಂಡೆ ಅಷ್ಟೇ. ಆ ಮಾತಿನಲ್ಲಿ ಏನಿದೆ ಅಂತ ಆವತ್ತು ನನಗೆ ಹೊಳೆಯಲಿಲ್ಲ.

ಮುಂದಿನ ವಾರ ಗಂಡ ಬಂದರು. ಹುಚ್ಚು ಹತ್ತಿದ ಮನುಷ್ಯನ ಹಾಗೆ ಏನೂ ಕಾಣಲಿಲ್ಲ. ಕೈಯ ಗೆರೆಗಳಲ್ಲಿ ಕಪ್ಪು ಕೂತಿತ್ತು, ತೊಳೆದರೂ ಹೋಗದ್ದು. ಮೊದಲ ಹತ್ತು ನಿಮಿಷ ಮಾತೇ ಇಲ್ಲ. ನಾನು ರಾಮಭಾವು ಬಿಜಾಪುರೆ ಅವರ ಪೇಟಿಯ ವಿಷಯ ತೆಗೆದೆ. ಬೆಳಗಾವಿಯಲ್ಲಿ ಸಂಗೀತ ಕೇಳುವವರ ಮುಂದೆ ಆ ಹೆಸರು ತೆಗೆದರೆ ಸಾಕು. ಮುಖ ಅರಳಿತು. ಸೋದರಮಾವ ಭಜನಾ ಮೇಳದಲ್ಲಿ ಪೇಟಿ ಬಾರಿಸುತ್ತಿದ್ದರಂತೆ. ಅವರ ಬೆನ್ನು ಹತ್ತಿ ಹೋಗಿ ಕಲಿತ ಕೇಳ್ಮೆ ಇವರದು. ಹಾಡಲು ಬರುವುದಿಲ್ಲ, ಬಾರಿಸಲು ಬರುವುದಿಲ್ಲ. ಕೇಳಲು ಮಾತ್ರ ಬರುತ್ತದೆ.

ಆಮೇಲೆ ತಾವೇ ಶುರು ಮಾಡಿದರು. ಸೆಪ್ಟೆಂಬರ್ ಬಂದರೆ ತಮಗೆ ಬಹಳ ಕಷ್ಟ ಅಂದರು. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು ತೀರಿಹೋದದ್ದು 1952ರ ಸೆಪ್ಟೆಂಬರ್ 12. ಸರಿಯಾಗಿ ನಲವತ್ತು ವರ್ಷದ ನಂತರ ಅದೇ ಸೆಪ್ಟೆಂಬರ್ 12ಕ್ಕೆ ಮಲ್ಲಿಕಾರ್ಜುನ ಮನಸೂರರು ಹೋದರು. 2010ರಲ್ಲಿ ಗದುಗಿನ ಪುಟ್ಟರಾಜ ಗವಾಯಿಗಳು ಹೋದದ್ದು ಸೆಪ್ಟೆಂಬರ್ 17. "ಒಬ್ಬರ ನೆನಪಿಗೆ ಕುಂತ್ರ ಇನ್ನೊಬ್ಬರದು ತಪ್ಪತೈತ್ರಿ" ಅಂದರು. ಮಿರಜದ ದರ್ಗಾದಲ್ಲಿ ಅಬ್ದುಲ್ ಕರೀಂ ಖಾನರ ನೆನಪಿನ ಹಾಡಿಕೆ, ಕುಂದಗೋಳದ ನಾಡಗೀರ ವಾಡೆಯ ಅಹೋರಾತ್ರಿ, ಡಿಸೆಂಬರಿಗೆ ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ ಪುಣೆಯ ಸವಾಯಿ ಉತ್ಸವ, ಊರಲ್ಲೇ ಕುಮಾರ ಗಂಧರ್ವ ಕಲಾಮಂದಿರ. ಅವರ ವರ್ಷ ನಡೆಯುವುದೇ ಈ ಲೆಕ್ಕದಲ್ಲಿ. ಬೆಳಗಿನ ಜಾವದ ಲಲಿತ್ ರಾಗ ಕೇಳಬೇಕಾದರೆ ರಾತ್ರಿ ಎದ್ದೇ ಇರಬೇಕು, ಹಗಲಿನ ಕಛೇರಿಯಲ್ಲಿ ಅದು ಸಿಗುವುದಿಲ್ಲ ಅಂದರು. ಆ ಮಾತು ಹೇಳುವಾಗ ಅವರ ದನಿಯಲ್ಲಿ ಒಂದು ಆತುರ ಇತ್ತು. ರಸಿಕರಿಗೆ ಆಸೆ ಇರುತ್ತದೆ, ಸಹಜ. ಇವರದು ಗಾಡಿ ತಪ್ಪುತ್ತಿದೆ ಅನ್ನುವವರ ಆತುರ.

ಆ ರಾತ್ರಿ ಪುಸ್ತಕವನ್ನು ಮತ್ತೆ ಓದಿದೆ. ಈ ಸಲ ಷರಾದ ಸಾಲು ಮಾತ್ರ. ಮೊದಲ ವರ್ಷಗಳಲ್ಲಿ "ಮಧ್ಯಮ ಹಚ್ಚಿದ್ದು ಮರೆಯಂಗಿಲ್ಲ", "ತಬಲಾ ಜೋರಾತು", "ಭೈರವಿಗೆ ಕಣ್ಣೀರು" ಅಂತೆಲ್ಲ ಇತ್ತು. ಕಳೆದ ಎರಡು ವರ್ಷದಲ್ಲಿ ಒಂದೇ ಮಾತು ಮತ್ತೆ ಮತ್ತೆ ಬಂದಿತ್ತು. "ತಂಬೂರಿ ಜವಾರಿ ಮಂದ." ಎಣಿಸಿದೆ. ಬೆಳಗಾವಿಯಲ್ಲಿ ಎರಡು ಸಲ, ಧಾರವಾಡದಲ್ಲಿ ಎರಡು, ಪುಣೆಯಲ್ಲಿ ಒಂದು, ಮಿರಜದಲ್ಲಿ ಒಂದು.

ಜವಾರಿ ಅಂದರೇನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ತಂಬೂರಿಯ ಕುದುರೆಯ (ತಂತಿಗಳು ಹಾದುಹೋಗುವ ಸಣ್ಣ ಪಟ್ಟಿ) ಮೇಲೆ ತಂತಿಯ ಕೆಳಗೆ ಒಂದು ಸಣ್ಣ ನೂಲಿನ ಎಳೆ ಇಡುತ್ತಾರೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದಾಗ ಒಂದು ಕಡೆ ತಂತಿ ಝುಂ ಅಂತ ಅರಳಿಕೊಳ್ಳುತ್ತದೆ. ಒಂದೇ ಷಡ್ಜದೊಳಗಿಂದ ಮೇಲಿನ ಸಣ್ಣ ಸಣ್ಣ ಸ್ವರಗಳು ಹೊಳೆಯುತ್ತ ಬರುತ್ತವೆ. ಆ ಹೊಳಪೇ ಜವಾರಿ. ಅದೆಲ್ಲ ಇರುವುದು ಎತ್ತರದ, ತೆಳ್ಳಗಿನ ಸದ್ದಿನಲ್ಲಿ.

ಮುಂದಿನ ಭೇಟಿಯಲ್ಲಿ ಒಂದೇ ಪ್ರಶ್ನೆ ಕೇಳಿದೆ. "ಮಿರಜ ಅಂದರೆ ತಂಬೂರಿ ಹುಟ್ಟುವ ಊರು. ಅಲ್ಲೂ ಜವಾರಿ ಕೆಟ್ಟಿತ್ತಾ?"

ಅವರು ಬಹಳ ಹೊತ್ತು ತಮ್ಮ ಅಂಗೈ ನೋಡುತ್ತ ಕೂತರು. ಆಮೇಲೆ ಹೇಳಿದರು. "ತಪ್ಪು ತಂಬೂರಿದಲ್ರಿ. ನಂಗ ಗೊತ್ತೈತಿ."

ಎರಡು ವರ್ಷದಿಂದ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ರಾತ್ರಿ ಮಲಗಿದಾಗ ಜಾಸ್ತಿ. ಫೆಟ್ಲಿಂಗ್ ವಿಭಾಗದಲ್ಲಿ ಅವರಿಗಿಂತ ಹಿರಿಯರಾದ ಇಬ್ಬರು ಪೂರ್ತಿ ಕಿವುಡರಾಗಿ ಮನೆಗೆ ಹೋದದ್ದನ್ನು ಕಣ್ಣಾರೆ ನೋಡಿದ್ದರು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೆಲಸ ಹೋದೀತು ಅನ್ನುವ ಭಯ. ಅದಕ್ಕಿಂತ ದೊಡ್ಡ ಭಯ ಇನ್ನೊಂದು. "ಕಿವಿ ಹೋಗೂದರೊಳಗ ಎಷ್ಟ್ ಆಗತೈತಿ ಅಷ್ಟ್ ಕೇಳಿ ತುಂಬಿಸ್ಕೊಂಡ್ ಬಿಡೋಣ ಅಂತ ಮಾಡಿದ್ನಿರಿ."

ನಲವತ್ಮೂರು ಕಛೇರಿಯ ಕಾರಣ ಇದು. ನನಗೆ ಎದೆ ಭಾರವಾಯಿತು, ಮುಚ್ಚಿಟ್ಟುಕೊಳ್ಳುವುದಿಲ್ಲ. ಬರಗಾಲ ಬರುತ್ತದೆ ಅಂತ ಗೊತ್ತಾದ ರೈತ ಕಾಳು ಕೂಡಿಡುವ ಹಾಗೆ ಈ ಮನುಷ್ಯ ರಾಗ ಕೂಡಿಡುತ್ತಿದ್ದರು. ನಾನು ಮೊದಲ ಭೇಟಿಯಲ್ಲಿ ಬಸ್ ಚಾರ್ಜ್ ಕೂಡಿಸುತ್ತ ಕೂತಿದ್ದೆ.

ನಾನು ವೈದ್ಯೆ ಅಲ್ಲ. ಹಾಗಾಗಿ ಮೊದಲ ಸಲಹೆ ಒಂದೇ ಇತ್ತು. ಉಳಿದದ್ದೆಲ್ಲ ಆಮೇಲೆ, ಈ ವಾರವೇ ಕಿವಿ ತಜ್ಞರ ಹತ್ತಿರ ಹೋಗಿ ಆಡಿಯೋಮೆಟ್ರಿ (ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ) ಮಾಡಿಸಿ. ಹೆಂಡತಿಯನ್ನೂ ಕರೆದುಕೊಂಡು ಹೋಗಿ, ಇಬ್ಬರೂ ಒಟ್ಟಿಗೆ ಕೇಳಿಸಿಕೊಳ್ಳಿ ಅಂದೆ. ಇದಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ. "ಆಕಿಗೆ ನೀವ ಹೇಳ್ರಿ" ಅಂದರು. ನಾನು ಹೇಳುವುದಿಲ್ಲ, ನೀವೇ ಹೇಳಬೇಕು, ಬೇಕಾದರೆ ನನ್ನ ಮುಂದೆ ಹೇಳಿ ಅಂದೆ. ನಾಲ್ಕು ದಿನದ ನಂತರ ನನ್ನ ಕೋಣೆಯಲ್ಲೇ ಹೇಳಿದರು.

ಆಕೆ ಅಳಲಿಲ್ಲ. "ಹಂಗಾರ ಎರಡು ವರ್ಷ ನಾ ಗ್ವಾಡಿ ಜೋಡಿ ಮಾತಾಡಿದಂಗಾತು" ಅಂದರು. ಮುಚ್ಚಿಟ್ಟದ್ದಕ್ಕೆ ಸಿಟ್ಟು ಇತ್ತು, ಇನ್ನೂ ಇದೆ. ಆ ಸಿಟ್ಟು ನ್ಯಾಯದ್ದು. ಕಾರಣ ಗೊತ್ತಾದ ತಕ್ಷಣ ಕ್ಷಮಿಸಿಬಿಡಬೇಕು ಅಂತ ನಾನು ಯಾರಿಗೂ ಹೇಳುವುದಿಲ್ಲ. ಜ್ವರದ ರಾತ್ರಿ ಒಬ್ಬರೇ ಮಗಳನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋದವರು ಆಕೆ.

ಪರೀಕ್ಷೆಯಲ್ಲಿ ಬಂದದ್ದು ದೊಡ್ಡ ಸದ್ದಿನಲ್ಲಿ ಕೆಲಸ ಮಾಡುವವರಲ್ಲಿ ಸಾಮಾನ್ಯವಾಗಿ ಕಾಣುವ ಚಿತ್ರ. ಎರಡೂ ಕಿವಿಯ ಗೆರೆ ನೇರವಾಗಿ ಬಂದು 4000 ಹರ್ಟ್ಜ್ ಸುತ್ತ ತಗ್ಗಿಗೆ ಬಿದ್ದ ಹಾಗೆ ಇಳಿದಿತ್ತು. ಗಂಡಸರ ದಪ್ಪ ದನಿ, ತಬಲಾದ ಎಡಗೈ, ಪೇಟಿ ಎಲ್ಲ ಚೆನ್ನಾಗಿ ಕೇಳುತ್ತವೆ. ಸ, ಶ, ತ ಥರದ ತೆಳ್ಳಗಿನ ಅಕ್ಷರಗಳು ಮತ್ತು ಮಕ್ಕಳ ಸಣ್ಣ ದನಿ ಜಾರಿಹೋಗುತ್ತವೆ. ತಂಬೂರಿಯ ಹೊಳಪೂ ಅಲ್ಲೇ ಹೋಗುತ್ತದೆ. ಹೂಂ ಹೂಂ ಅನ್ನುತ್ತಿದ್ದದ್ದು ತಾತ್ಸಾರ ಆಗಿರಲಿಲ್ಲ. ಮಗಳ ಮಾತು ನಿಜವಾಗಿಯೂ ಅರ್ಧ ಕೇಳುತ್ತಿರಲಿಲ್ಲ.

ಸದ್ದಿನಿಂದ ಹೋದ ಕೇಳ್ಮೆ ವಾಪಸ್ ಬರುವುದಿಲ್ಲ. ಇದನ್ನು ಮೆತ್ತಗೆ ಮಾಡಿ ಹೇಳಲು ನಾನು ಹೋಗಲಿಲ್ಲ. ಆದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು, ಮತ್ತು ಅವರಿಗೆ ಉಳಿದದ್ದು ಬಹಳ ಇದೆ. ಈ ಎರಡನೇ ಮಾತು ಅವರಿಗೆ ಯಾರೂ ಹೇಳಿರಲಿಲ್ಲ. ಪೂರ್ತಿ ಹೋಗಿಬಿಡುತ್ತದೆ ಅಂತಲೇ ನಂಬಿದ್ದರು.

ಹಾಗಾಗಿ ನಮ್ಮ ಮಾತು ಕಛೇರಿಯಿಂದ ಫೌಂಡ್ರಿಗೆ ಹೊರಳಿತು. ದಿನಕ್ಕೆ 8 ತಾಸು 85 ಡೆಸಿಬೆಲ್ ಸದ್ದು ಕೇಳಿದರೆ ಕಿವಿಗೆ ಅಪಾಯ ಶುರು. ಅದರ ಮೇಲೆ 3 ಡೆಸಿಬೆಲ್ ಏರಿದರೆ ಸುರಕ್ಷಿತ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಇವರು ಹತ್ತೊಂಬತ್ತು ವರ್ಷ ಕಿವಿಗೆ ಹತ್ತಿ ತುರುಕಿಕೊಂಡು ಗ್ರೈಂಡರ್ ಹಿಡಿದಿದ್ದರು. ಹತ್ತಿ ಸದ್ದನ್ನು ತಡೆಯುವುದೇ ಇಲ್ಲ ಅಂದರೂ ನಡೆಯುತ್ತದೆ. ಫೋಮ್ ಇಯರ್‌ಪ್ಲಗ್ ಹಾಕುವುದನ್ನು ತಜ್ಞರು ಕಲಿಸಿಕೊಟ್ಟರು. ಬೆರಳಲ್ಲಿ ಬತ್ತಿಯ ಹಾಗೆ ಹೊಸೆದು ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ಸೇರಿಸಬೇಕು. ಉಬ್ಬಿಕೊಳ್ಳುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಅರೆಬರೆ ಹಾಕಿದರೆ ಹಾಕದಂತೆಯೇ. ಅದರ ಮೇಲೆ ಇಯರ್‌ಮಫ್. ಸದ್ದಿನಿಂದ ಬರುವ ಕಿವುಡನ್ನು ಕಾನೂನು ಕೆಲಸದಿಂದ ಬಂದ ಕಾಯಿಲೆ ಅಂತ ಒಪ್ಪುತ್ತದೆ. ಇಎಸ್‌ಐ (ಕಾರ್ಮಿಕರ ವಿಮೆ) ಕಾರ್ಡ್ ಇದೆ, ವರದಿಯನ್ನು ಅಲ್ಲಿ ದಾಖಲೆ ಮಾಡಿಸಿ ಅಂದೆ. ವಿಭಾಗ ಬದಲಿಸಿ ಅಂತ ಬರೆದು ಕೊಟ್ಟಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಕಛೇರಿ ಬಿಡಿ ಅಂತ ನಾನು ಹೇಳಲಿಲ್ಲ. ಹೆಂಡತಿಯೂ ಕೇಳಲಿಲ್ಲ. ಮುಂದಿನ ಕ್ಯಾಲೆಂಡರ್ ಹಿಡಿದು ಇಬ್ಬರೂ ಕೂತರು. ಮೊದಲು ಕೆಂಪು ಪೆನ್ನು, ಆಮೇಲೆ ನೀಲಿ. ಮಗಳ ಗ್ಯಾದರಿಂಗ್, ಪರೀಕ್ಷೆ, ಮನೆಯ ಕಾರ್ಯ ಎಲ್ಲ ಗುರುತು ಹಾಕಿದ ಮೇಲೆ ಉಳಿದ ದಿನಗಳಲ್ಲಿ ಕಛೇರಿ. ಹದಿನೆಂಟಕ್ಕೆ ಬಂದು ನಿಂತಿತು. ಕುಂದಗೋಳ ಇದೆ, ಪುಣೆಯದು ಒಂದು ದಿನಕ್ಕೆ ಇಳಿದಿದೆ. ರಾತ್ರಿಯಿಡೀ ಕೇಳಿ ಬೆಳಗ್ಗೆ ಬೈಕಿನಲ್ಲಿ ಬರುವುದು ಪೂರ್ತಿ ಬಂದ್, ಬಸ್ಸೇ ಆಗಬೇಕು. ಇದೊಂದರಲ್ಲಿ ನಾನು ಹಠ ಹಿಡಿದೆ. ಸ್ಪೀಕರ್ ಬುಡದಲ್ಲಿ ಕೂರಬಾರದು, ನಡುವಿನ ಸಾಲಿಗೆ ಬರಬೇಕು. ಇದಕ್ಕೆ ಅವರು ಬಹಳ ಸಂಕಟಪಟ್ಟರು. ಮೊದಲ ಸಾಲು ಅವರಿಗೆ ದೇವರ ಮುಂದಿನ ಜಾಗ ಇದ್ದ ಹಾಗೆ.

ಶ್ರವಣ ಸಾಧನದ ಮಾತು ಅರ್ಧಕ್ಕೆ ನಿಂತಿದೆ. ಯಂತ್ರ ಕೊಡುವವರಿಗೆ ‘ನಾನು ಸಂಗೀತ ಕೇಳುವವನು’ ಅಂತ ಮೊದಲೇ ಹೇಳಿ ಅಂದಿದ್ದೇನೆ. ಅವುಗಳನ್ನು ಮುಖ್ಯವಾಗಿ ಮಾತಿಗೆ ಹೊಂದಿಸಿರುತ್ತಾರೆ. ಸಂಗೀತಕ್ಕೆ ಬೇರೆ ಹೊಂದಾಣಿಕೆ ಬೇಕಾಗುತ್ತದೆ. ಯಂತ್ರದೊಳಗಿಂದ ಬರುವ ತಂಬೂರಿ ತಂಬೂರಿಯೇ ಅಲ್ಲ ಅನ್ನುವುದು ಅವರ ವಾದ. ಮಗಳ ಮಾತಿಗಾಗಿ ಹಾಕಿಕೊಳ್ಳಿ, ಕಛೇರಿಯಲ್ಲಿ ಬೇಕಾದರೆ ತೆಗೆದಿಡಿ ಅಂದೆ. ಯೋಚನೆ ಮಾಡುತ್ತೇನೆ ಅಂದಿದ್ದಾರೆ.

ಹೋದ ತಿಂಗಳು ಇಬ್ಬರೂ ಬಂದಿದ್ದರು. ಪುಸ್ತಕವೂ ಬಂದಿತ್ತು. ಧಾರವಾಡದ ಒಂದು ಸಂಜೆಗೆ ಮೂವರೂ ಹೋಗಿದ್ದರಂತೆ. ತಂಬೂರಿ ಶ್ರುತಿ ಮಾಡುವಾಗ ಅಪ್ಪ ಮಗಳ ಕಡೆ ಬಗ್ಗಿ "ಜವಾರಿ ಹೆಂಗೈತಿ?" ಅಂತ ಕೇಳಿದರಂತೆ. ಹಾಗಂದರೇನು ಅಂತ ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಅಲ್ಲೇ, ಅವಳ ಅಂಗೈಯ ಮೇಲೆ ಬೆರಳಿನಿಂದ ಕುದುರೆ, ತಂತಿ, ನೂಲಿನ ಎಳೆ ಬಿಡಿಸಿ ತೋರಿಸಿದರಂತೆ.

ಆ ಹಾಳೆಯ ಷರಾದಲ್ಲಿ ಪೆನ್ಸಿಲ್‌ನಲ್ಲಿ ಮೂರನೇ ಕೈಬರಹ ಇತ್ತು. ದುಂಡಗಿನ ಅಕ್ಷರ. "ಜವಾರಿ ಛಲೋ ಇತ್ತು. ಜೇನುನೊಣ ಬಂದಂಗ ಕೇಳ್ತು. ಪಪ್ಪಾಗ ಹೇಳೀನಿ."