ದೆವ್ವ ಬಾರದ ದೆವ್ವದ ಸಿನಿಮಾ

ಪ್ರಿಯ ಮಾಷ್ಟ್ರೇ,

ಬದಿಯಡ್ಕದಿಂದ ನೀವು ಬರೆದ ನಾಲ್ಕು ಪುಟದ ಪತ್ರ ಸಿಕ್ಕಿತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ, ಹಾಗಾಗಿ ಉಳಿದ ಓದುಗರಿಗೆ ವಿಷಯ ಇಷ್ಟು. ನಮ್ಮ ಪತ್ರಿಕೆ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಸಿನಿಮಾವನ್ನು ಹೊಗಳಿದ್ದನ್ನು ನಂಬಿ, ನೀವು ಊರಿನ ವಾಚನಾಲಯದ ಮಹಡಿಯಲ್ಲಿ ಅದನ್ನು ತೋರಿಸಿದಿರಿ. ಮಾಟಗಾತಿಯ ಕತೆ ಹುಡುಕಿಕೊಂಡು ಕಾಡಿಗೆ ಹೋಗಿ ಕಾಣೆಯಾದ ಒಬ್ಬ ಹುಡುಗಿ, ಇಬ್ಬರು ಹುಡುಗರು ತಾವೇ ತೆಗೆದ ಚಿತ್ರ ಎಂಬಂತೆ ಮಾಡಿದ ಸಿನಿಮಾ ಅದು. ಪ್ರೊಜೆಕ್ಟರ್ ಬಾಡಿಗೆ ಹೋದದ್ದು ನಿಮ್ಮ ಪೆನ್ಶನ್ನಿನಿಂದ. ನಲವತ್ತು ಜನ ಬಂದರು. ಮುಗಿದ ಮೇಲೆ ಅರ್ಧಕ್ಕಿಂತ ಜಾಸ್ತಿ ಜನ ನಿಮಗೇ ಬೈದರು. ಕಾಲೇಜಿಗೆ ಹೋಗುವ ಮೂರು ಹುಡುಗಿಯರು ಮಾತ್ರ ತೋಟದ ದಾರಿಯಲ್ಲಿ ಮನೆಗೆ ಹೋಗಲು ಒಪ್ಪದೆ ಅಪ್ಪಂದಿರಿಗೆ ಫೋನ್ ಮಾಡಿ ಕರೆಸಿಕೊಂಡರು. "ದೆವ್ವ ಈಗ ಬರುತ್ತದೆ, ಆಗ ಬರುತ್ತದೆ ಎಂದು ಕೂತದ್ದೇ ಬಂತು. ಇದಕ್ಕಿಂತ ನಮ್ಮ ತೋಟಕ್ಕೆ ಬರುವ ಹಂದಿಯೇ ವಾಸಿ" ಎಂದರಂತೆ ನಿಮ್ಮ ಪಕ್ಕದ ಮನೆಯವರು.

ಯಾರು ಸರಿ ಎಂದು ಕೇಳಿದ್ದೀರಿ.

ಮೊದಲು ಒಂದು ಸಮಾಧಾನ. ಈ ಜಗಳ ನಿಮ್ಮ ಮಹಡಿಯಲ್ಲಿ ಹುಟ್ಟಿದ್ದಲ್ಲ. 1999ರಲ್ಲಿ ಸಿನಿಮಾ ಬಂದಾಗಲೇ ಶುರುವಾದದ್ದು. ಅಮೆರಿಕದಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆ ಥಿಯೇಟರಿಗೆ ಬಂದ ಪ್ರೇಕ್ಷಕರನ್ನೇ ಕೇಳಿ ದರ್ಜೆ ಕೊಡುತ್ತದೆ. ಇದಕ್ಕೆ ಸಿಕ್ಕಿದ್ದು ಬರೀ ಸಿ ಪ್ಲಸ್. ಕಡಿಮೆ ಖರ್ಚಿನ ಚಿತ್ರಗಳಿಗೆ ಕೊಡುವ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿ ಇದಕ್ಕೆ ಬಂತು. ಅದೇ ವರ್ಷದ ಕೆಲಸಕ್ಕೆ ಇದರ ನಾಯಕಿಗೆ 'ಅತಿ ಕೆಟ್ಟ ನಟಿ' ಎಂಬ ರ‍್ಯಾಝಿ ಗೇಲಿಯೂ ಬಂತು. ಕ್ಯಾಮೆರಾ ಅಲುಗಾಡಿ ಅಲುಗಾಡಿ ಥಿಯೇಟರಿನಲ್ಲಿ ವಾಂತಿ ಮಾಡಿಕೊಂಡವರೂ ಇದ್ದರು. ಇಷ್ಟೆಲ್ಲ ಆಗಿಯೂ ಅದು ಜಗತ್ತಿನಲ್ಲಿ ಗಳಿಸಿದ್ದು ಸುಮಾರು 25 ಕೋಟಿ ಡಾಲರ್. ಬೈದವರೂ ಟಿಕೆಟ್ ತೆಗೆದುಕೊಂಡೇ ಬೈದದ್ದು, ಅಲ್ವಾ?

"ಮೂವರೂ ಕಾಡಿನಲ್ಲಿ ಸುಮ್ನೆ ಜಗಳ ಆಡುತ್ತಾರೆ, ನಟನೆಯೇ ಇಲ್ಲ" ಎಂಬ ನಿಮ್ಮ ದೂರನ್ನು ಮಾತ್ರ ನಾನು ಒಪ್ಪುವುದಿಲ್ಲ. ಇಲ್ಲಿ ಸಿನಿಮಾ ಹೇಗೆ ಆಯಿತು ಎಂಬುದು ಗೊತ್ತಿರಬೇಕು. 1997ರ ಅಕ್ಟೋಬರಿನಲ್ಲಿ ಮೇರಿಲ್ಯಾಂಡಿನ ಕಾಡಿನಲ್ಲಿ ಎಂಟು ದಿನದಲ್ಲಿ ಶೂಟಿಂಗ್ ಮುಗಿಸಿದ್ದಾರೆ. ಕ್ಯಾಮೆರಾ ಹಿಡಿದದ್ದು ನಟರೇ. ನಿರ್ದೇಶಕರಾದ ಡೇನಿಯಲ್ ಮಿರಿಕ್ ಮತ್ತು ಎಡ್ವಾರ್ಡೊ ಸಾಂಚೆಜ್ ಮರೆಯಲ್ಲೇ ಇದ್ದು, ಇವತ್ತು ಏನು ಮಾಡಬೇಕು ಎಂದು ಒಬ್ಬೊಬ್ಬರಿಗೂ ಬೇರೆ ಬೇರೆ ಚೀಟಿ ಬರೆದು ಡಬ್ಬಿಯಲ್ಲಿ ಇಟ್ಟು ಹೋಗುತ್ತಿದ್ದರು. ಒಬ್ಬನ ಚೀಟಿ ಇನ್ನೊಬ್ಬನಿಗೆ ಗೊತ್ತಿಲ್ಲ. ಮಾತೆಲ್ಲ ಅವರವರೇ ಆಡಿದ್ದು. ದಿನ ಕಳೆದಂತೆ ಊಟ ಕಡಿಮೆ ಮಾಡುತ್ತಾ ಬಂದರು. ರಾತ್ರಿ ಮಲಗಿದವರ ಡೇರೆಯನ್ನು ಹೇಳದೆ ಕೇಳದೆ ಅಲ್ಲಾಡಿಸಿದರು. ಅಷ್ಟು ಹಸಿದು, ನಿದ್ದೆ ಕೆಟ್ಟು ನಡೆಯುವ ಮೂವರು ಜಗಳ ಆಡದೆ ಭಜನೆ ಮಾಡುತ್ತಾರಾ? (ಮ್ಯಾಪನ್ನು ತೋಡಿಗೆ ಒದ್ದ ಆ ಹುಡುಗನ ಮೇಲೆ ನನಗೂ ಸಿಟ್ಟಿದೆ. ಅದು ಬೇರೆ ಮಾತು.)

ಇನ್ನು ನಿಮ್ಮ ನಲವತ್ತು ಜನ. ನಿಮ್ಮ ಪತ್ರದ ಮೂರನೇ ಪುಟದಲ್ಲಿ ಒಂದು ಸಾಲಿದೆ: "ಶುರುವಿನಲ್ಲಿ ಊರವರು ಏನೋ ಮಾತಾಡುತ್ತಾರೆ, ಇಂಗ್ಲಿಷ್ ಬೇಗ ಬೇಗ, ಆಗ ನಾವು ಎಲ್ಲರಿಗೂ ಚಾ ಕೊಟ್ಟು ಮುಗಿಸಿದೆವು."

ಮಾಷ್ಟ್ರೇ, ಸಿನಿಮಾ ನಿಮ್ಮ ಕೈ ತಪ್ಪಿದ್ದು ಅಲ್ಲೇ.

ಆ ಮಾತುಗಳ ನಡುವೆ ಒಂದು ಕತೆ ಬರುತ್ತದೆ. ಹಿಂದೆ ಆ ಕಾಡಿನಲ್ಲಿ ಒಬ್ಬ ಮಕ್ಕಳನ್ನು ಕೊಲ್ಲುತ್ತಿದ್ದ. ಇಬ್ಬಿಬ್ಬರನ್ನು ಕರೆದೊಯ್ದು, ಒಬ್ಬನನ್ನು ಕೊಲ್ಲುವಾಗ ಇನ್ನೊಬ್ಬನನ್ನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದ. ಕೊನೆಯ ದೃಶ್ಯ ನೆನಪು ಮಾಡಿಕೊಳ್ಳಿ. ಪಾಳು ಮನೆ. ಹುಡುಗಿ ಕಿರುಚುತ್ತಾ ಮೆಟ್ಟಿಲು ಇಳಿಯುತ್ತಾಳೆ. ಕೆಳಗಿನ ಮೂಲೆಯಲ್ಲಿ ಅವಳ ಗೆಳೆಯ ಗೋಡೆಗೆ ಮುಖ ಮಾಡಿ ನಿಂತಿದ್ದಾನೆ. ತಿರುಗುವುದಿಲ್ಲ. ಕ್ಯಾಮೆರಾ ನೆಲಕ್ಕೆ ಬೀಳುತ್ತದೆ. ಮುಗಿಯಿತು.

ಮೊದಲಿನ ಮಾತು ಕಿವಿಗೆ ಬಿದ್ದವರಿಗೆ ಅಲ್ಲಿ ಉಸಿರು ನಿಲ್ಲುತ್ತದೆ. ಆಗ ಚಾ ಕುಡಿಯುತ್ತಿದ್ದವರಿಗೆ ಯಾರೋ ಒಬ್ಬ ಸುಮ್ಮನೆ ಗೋಡೆ ನೋಡಿಕೊಂಡು ನಿಂತ ಹಾಗೆ ಕಾಣುತ್ತದೆ. ನಮ್ಮ ಶಾಲೆಯಲ್ಲಿ ಮಗ್ಗಿ ಬಾರದಿದ್ದರೆ ಮಾಷ್ಟ್ರುಗಳು ನಮ್ಮನ್ನು ಹಾಗೆಯೇ ನಿಲ್ಲಿಸುತ್ತಿದ್ದರು, ನಾವೇನೂ ಸಾಯಲಿಲ್ಲ. ಇದರಲ್ಲಿ ನಿಮ್ಮ ಜನರ ದಡ್ಡತನ ಏನೂ ಇಲ್ಲ. ಬಿಡುಗಡೆಗೆ ಮೊದಲು ಪರೀಕ್ಷೆಗೆಂದು ತೋರಿಸಿದಾಗ ಅಲ್ಲಿನ ಪ್ರೇಕ್ಷಕರಿಗೂ ಈ ಕೊನೆ ತಲೆಗೆ ಹೋಗಿರಲಿಲ್ಲ. ಸಿನಿಮಾವನ್ನು ಕೊಂಡುಕೊಂಡ ಕಂಪನಿ ಕೊನೆ ಬದಲಿಸಿ ಎಂದು ಒತ್ತಾಯಿಸಿತು. ಬೇರೆ ಕೊನೆಗಳನ್ನು ಚಿತ್ರಿಸಿಯೂ ನೋಡಿದರು. ಕಡೆಗೆ ಹಳೆಯದನ್ನೇ ಇಟ್ಟುಕೊಂಡು, ಮೂಲೆಯ ಕತೆ ಹೇಳುವ ಆ ಮಾತನ್ನು ಆಮೇಲೆ ಶುರುವಿಗೆ ಸೇರಿಸಿದರು. ನಿಮ್ಮ ಚಾ ಆ ಒಂದು ಮಾತಿನ ಮೇಲೆಯೇ ಬಿದ್ದಿದೆ! ಆ ಮೂರು ಹುಡುಗಿಯರು ಚಾ ಬೇಡ ಎಂದು ಕೂತವರಾ? ಒಮ್ಮೆ ವಿಚಾರಿಸಿ ನೋಡಿ.

ಹಂದಿಯ ಮಾತಿಗೆ ನಾನು ನಕ್ಕದ್ದು ನಿಜ. ಆದರೆ ಆ ಮಹನೀಯರ ದೂರನ್ನು ತಳ್ಳಿಹಾಕುವುದಿಲ್ಲ. ನಮ್ಮ ಕಡೆಯ ಭೂತ ಮುಖ ತೋರಿಸದೆ ಹೋಗುವುದಿಲ್ಲ. ಕೋಲದಲ್ಲಿ ಬೆನ್ನಿಗೆ ದೊಡ್ಡ ಅಣಿಯ ಅಲಂಕಾರ ಕಟ್ಟಿಕೊಂಡು, ದೊಂದಿಯ ಬೆಳಕಿನಲ್ಲಿ ಎಲ್ಲರ ಎದುರು ಬಂದು ನಿಂತು ನುಡಿ ಕೊಡುತ್ತದೆ. ಗಡಿಯ ತಕರಾರು ಕೇಳುತ್ತದೆ, ಹರಕೆ ತಪ್ಪಿದ್ದನ್ನು ಕೇಳುತ್ತದೆ. ನುಡಿ ಕೊಡದ ಭೂತವನ್ನು ನಾವು ಯಾಕೆ ನಂಬಬೇಕು?

ಹಾಗಿದ್ದರೂ ಹೆದರಿಕೆ ಇರುವುದು ಅದು ಬಂದ ಮೇಲೆ ಅಲ್ಲ. ಸಣ್ಣವನಿದ್ದಾಗ ಗದ್ದೆಯಲ್ಲಿ 'ದೇವಿ ಮಹಾತ್ಮೆ' ಯಕ್ಷಗಾನ ಆಟಕ್ಕೆ ಅಜ್ಜಿಯ ಜತೆ ಹೋಗಿದ್ದೆ. ಚಾಪೆಯ ಮೇಲೆ ನಿದ್ದೆ. ನಡುರಾತ್ರಿ ಎಚ್ಚರವಾದಾಗ ರಂಗಸ್ಥಳ ಖಾಲಿ. ಚೆಂಡೆ ಮಾತ್ರ ಬಡಿಯುತ್ತಿದೆ. ಎಲ್ಲರೂ ಹಿಂದೆ ತಿರುಗಿ ಕತ್ತಲನ್ನು ನೋಡುತ್ತಿದ್ದಾರೆ. ಎಲ್ಲೋ ದೂರದಲ್ಲಿ ಒಂದು ಆರ್ಭಟೆ. ಅಜ್ಜಿಯ ಸೆರಗನ್ನು ಎಷ್ಟು ಗಟ್ಟಿ ಹಿಡಿದೆನೆಂದರೆ ಅದು ಹರಿದೇ ಹೋಯಿತು. ಆಮೇಲೆ ದೊಂದಿ ಬಂತು, ರಾಳದ ಹುಡಿ ಭಗ್ ಎಂದಿತು, ಕೋಡು ಹೊತ್ತ ಮಹಿಷಾಸುರ ಜನರ ನಡುವೆಯೇ ಕುಣಿಯುತ್ತಾ ಬಂದ. ಅವನು ಕಣ್ಣಿಗೆ ಬಿದ್ದದ್ದೇ ನನ್ನ ಹೆದರಿಕೆ ಹೋಗಿ ಕುಶಿ ಶುರುವಾಯಿತು. ಈ ಸಿನಿಮಾ ಆರ್ಭಟೆ ಕೇಳಿಸಿ ದೊಂದಿ ಕೊಡದೆ ಎದ್ದು ಹೋಗುತ್ತದೆ. ನನಗೆ ಅದು ಹಿಡಿಸಿತು, ನಿಮ್ಮ ಪಕ್ಕದ ಮನೆಯವರಿಗೆ ಮೋಸ ಅನ್ನಿಸಿತು. ಇಬ್ಬರೂ ನೋಡಿದ್ದು ಒಂದನ್ನೇ.

ನಮ್ಮ ತಪ್ಪೂ ಇದೆ. 1999ರಲ್ಲಿ ಆ ಮೂವರು ನಿಜವಾಗಿ ಕಾಣೆಯಾದವರು ಎಂದೇ ಪೋಸ್ಟರ್ ಹಚ್ಚಿ, ಇಂಟರ್ನೆಟ್ಟಿನಲ್ಲಿ ಸುಳ್ಳು ದಾಖಲೆ ಹಾಕಿ ಪ್ರಚಾರ ಮಾಡಿದ್ದರು. ಜನ ಅದನ್ನು ನಂಬಿಕೊಂಡು ಒಳಗೆ ಹೋದರು. ಆ ನಂಬಿಕೆ ಈಗ ಯಾರ ಹತ್ತಿರವೂ ಇಲ್ಲ. ಇದನ್ನು ಹೇಳದೆ ನಾವು ಬರೀ ಹೊಗಳಿ ಕೈ ತೊಳೆದುಕೊಂಡೆವು.

ಬಾಡಿಗೆ ದುಡ್ಡು ಕೊಡುವ ಶಕ್ತಿ ಪತ್ರಿಕೆಗೆ ಇಲ್ಲ. ಇನ್ನೊಮ್ಮೆ ತೋರಿಸುವ ಧೈರ್ಯ ನಿಮಗಿದ್ದರೆ ಹೀಗೆ ಮಾಡಿ: ಮಳೆ ಬಿಟ್ಟ ಮೇಲೆ, ರಾತ್ರಿ ಎಂಟರ ನಂತರ ಇಡಿ. ಚಾ ಮೊದಲೇ ಆಗಲಿ. ಮೂಲೆಯ ಕತೆಯನ್ನು ನೀವೇ ತುಳುವಿನಲ್ಲಿ ಎರಡು ನಿಮಿಷ ಹೇಳಿ, ಕೊನೆ ಹೇಳಬೇಡಿ. ಟ್ಯೂಬ್‌ಲೈಟ್ ಆರಿಸಿ. ಸ್ಪೀಕರನ್ನು ಪರದೆಯ ಹತ್ತಿರ ಬೇಡ, ಜನರ ಹಿಂದೆ ಇಡಿ. ಹಂದಿಯ ಮಹನೀಯರನ್ನು ಮರೆಯದೆ ಕರೆಯಿರಿ. ನಾನೂ ಕಾಸರಗೋಡಿನಿಂದ ಬಸ್ಸು ಹಿಡಿದು ಬರುತ್ತೇನೆ. ವಾಪಸ್ ಬರಲು ಆ ಹೊತ್ತಿಗೆ ಬಸ್ಸಿಲ್ಲ, ಮಲಗಲು ನಿಮ್ಮ ಮನೆಯಲ್ಲೇ ಜಾಗ ಮಾಡಬೇಕು. ತೋಟದ ದಾರಿಯಾದರೆ ಟಾರ್ಚ್ ನೀವೇ ತನ್ನಿ.

— ಸಂಪಾದಕ