ಸೋಲದ ಕುದುರೆಗಳೆಲ್ಲ ಶ್ರೇಷ್ಠವೇ?

ಪ್ರಶ್ನೆ: ಫ್ರಾಂಕೆಲ್, ಬ್ಲ್ಯಾಕ್ ಕೇವಿಯರ್, ಫ್ಲೈಟ್‌ಲೈನ್ ಒಮ್ಮೆಯೂ ಸೋಲದೆ ನಿವೃತ್ತಿಯಾದ ರೇಸ್ ಕುದುರೆಗಳು. ಸೋಲು ಕಂಡಿರುವ ವಿಂಕ್ಸ್, ಜೆನ್ಯಾಟಾಗಳನ್ನೂ ಅವುಗಳ ಸಾಲಿನಲ್ಲಿ ನಿಲ್ಲಿಸುವುದು ಯಾವ ನ್ಯಾಯ?

ಉತ್ತರ: ಎದುರಾದವರನ್ನೆಲ್ಲ ಸೋಲಿಸಿದರೂ ಸೋಲಿಲ್ಲದ ದಾಖಲೆ ಉಳಿಯುತ್ತದೆ, ಸೋಲಬಹುದಾದ ಪಂದ್ಯಕ್ಕೆ ಇಳಿಯದಿದ್ದರೂ ಉಳಿಯುತ್ತದೆ. ಆದ್ದರಿಂದ ಕುದುರೆ ಎಷ್ಟು ಗೆದ್ದಿತು ಎಂಬುದಕ್ಕಿಂತ, ಮಾಲೀಕರು ಅದನ್ನು ಎಂಥ ಪರೀಕ್ಷೆಗಳಿಗೆ ಒಡ್ಡಿದರು ಎಂದು ಮೊದಲು ಕೇಳಬೇಕು.

ಫ್ರಾಂಕೆಲ್ 2010ರಿಂದ 2012ರವರೆಗೆ ಓಡಿದ 14 ಪಂದ್ಯಗಳನ್ನೂ ಗೆದ್ದಿತು. 2011ರಲ್ಲಿ ‘2000 ಗಿನೀಸ್’ ಎಂಬ ಇಂಗ್ಲೆಂಡಿನ ಪ್ರತಿಷ್ಠಿತ ಪಂದ್ಯದಲ್ಲಿ ಆರಂಭದಿಂದಲೇ ಮುನ್ನುಗ್ಗಿ ಆರು ಲೆಂಗ್ತ್ (ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ) ಅಂತರದಿಂದ ಗೆದ್ದದ್ದನ್ನು ಅಭಿಮಾನಿಗಳು ಹೆಚ್ಚು ನೆನೆಯುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ತೂಕದ ಸಾಕ್ಷ್ಯ 2012ರ ಯಾರ್ಕ್ ಪಂದ್ಯ. ಎಳೆತನದಲ್ಲಿ ಜಾಕಿಯ ಹಿಡಿತಕ್ಕೆ ಸುಲಭವಾಗಿ ಸಿಗದಿದ್ದ, ಅದುವರೆಗೆ ಒಂದು ಮೈಲಿಗಿಂತ ಹೆಚ್ಚು ದೂರ ಪಂದ್ಯದಲ್ಲಿ ಓಡಿರದ ಈ ಕುದುರೆಯನ್ನು ತರಬೇತುದಾರ ಹೆನ್ರಿ ಸೆಸಿಲ್ ಅಲ್ಲಿ ಹತ್ತು ಫರ್ಲಾಂಗ್‌ಗೆ (ಎಂಟು ಫರ್ಲಾಂಗ್ ಸೇರಿದರೆ ಒಂದು ಮೈಲಿ) ಇಳಿಸಿದರು. ಅದು ಹಿಂದಿನ ಸಾಲಿನಲ್ಲಿ ಶಾಂತವಾಗಿ ಓಡಿ, ಕೊನೆಯಲ್ಲಿ ಏಳು ಲೆಂಗ್ತ್ ಮುಂದೆ ನಿಂತಿತು. ಇಂಗ್ಲೆಂಡಿನಿಂದ ಹೊರಗೆ ಒಮ್ಮೆಯೂ ಓಡಲಿಲ್ಲ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದೇ.

ಇಲ್ಲಿ ತಳಿ ವ್ಯವಹಾರದ ಲೆಕ್ಕವನ್ನು ಮರೆಯುವಂತಿಲ್ಲ. ಥರೋಬ್ರೆಡ್ ಎಂಬ ರೇಸ್ ಕುದುರೆ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ. ಬೇಡಿಕೆಯುಳ್ಳ ಗಂಡು ಕುದುರೆ ಒಂದೇ ಋತುವಿನಲ್ಲಿ ನೂರಕ್ಕೂ ಹೆಚ್ಚು ಹೆಣ್ಣು ಕುದುರೆಗಳೊಡನೆ ಕೂಡುತ್ತದೆ, ಪ್ರತಿ ಬಾರಿಗೂ ಶುಲ್ಕವಿದೆ. ಹಾಗಾಗಿ ಮೂರನೇ ವಯಸ್ಸಿನಲ್ಲಿ ಹೆಸರು ಮಾಡಿದ ಗಂಡು ಕುದುರೆಯನ್ನು ಮತ್ತೆ ಓಡಿಸಿ ಸೋಲಿನ, ಗಾಯದ ಅಪಾಯಕ್ಕೆ ಒಡ್ಡಲು ಮಾಲೀಕರು ಹಿಂಜರಿಯುತ್ತಾರೆ. 2018ರಲ್ಲಿ ಅಮೆರಿಕದ ಟ್ರಿಪಲ್ ಕ್ರೌನ್ (ಮೂರು ವರ್ಷದ ಕುದುರೆಗಳ ಮೂರು ಪ್ರಮುಖ ಪಂದ್ಯಗಳು) ಗೆದ್ದ ಜಸ್ಟಿಫೈ ಆರೇ ಪಂದ್ಯಗಳಿಗೆ ನಿಂತುಹೋಯಿತು. ಹಿರಿಯ ಕುದುರೆಗಳೊಡನೆ ಅದು ಒಮ್ಮೆಯೂ ಸೆಣಸಲಿಲ್ಲ. ಅದನ್ನು ಶ್ರೇಷ್ಠವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೆಣ್ಣು ಕುದುರೆ ವರ್ಷಕ್ಕೆ ಒಂದೇ ಮರಿ ಹಾಕುವುದರಿಂದ ಅದನ್ನು ಬೇಗ ನಿಲ್ಲಿಸುವ ಒತ್ತಡ ಕಡಿಮೆ. ನೀವು ಕೇಳಿದ ವಿಂಕ್ಸ್, ಜೆನ್ಯಾಟಾ ಅಷ್ಟು ದೀರ್ಘಕಾಲ ಓಡಿದ್ದಕ್ಕೆ ಇದೂ ಒಂದು ಕಾರಣ. ವಿಂಕ್ಸ್‌ನ ಆರು ಸೋಲುಗಳೂ ಆರಂಭದ ದಿನಗಳವು. 2015ರಿಂದ 2019ರವರೆಗೆ ಅದು 1300ರಿಂದ 2200 ಮೀಟರ್‌ವರೆಗಿನ ದೂರಗಳಲ್ಲಿ ಸತತ 33 ಪಂದ್ಯ ಗೆದ್ದಿತು, ಆಸ್ಟ್ರೇಲಿಯಾದ ಪ್ರತಿಷ್ಠಿತ ಪಂದ್ಯ ಕಾಕ್ಸ್ ಪ್ಲೇಟ್‌ನ ನಾಲ್ಕು ಗೆಲುವುಗಳೂ ಇದರಲ್ಲೇ ಸೇರಿವೆ. 2009ರಲ್ಲಿ ಅಮೆರಿಕದ ದೊಡ್ಡ ಪಂದ್ಯವಾದ ಬ್ರೀಡರ್ಸ್ ಕಪ್ ಕ್ಲಾಸಿಕ್ ಗೆದ್ದ ಮೊದಲ ಹೆಣ್ಣು ಕುದುರೆ ಜೆನ್ಯಾಟಾ ಮರುವರ್ಷ ಅದೇ ಪಂದ್ಯಕ್ಕೆ ಮರಳಿ, ತೀರಾ ಹಿಂದಿನಿಂದ ನುಗ್ಗಿ ಬಂದು, ಬ್ಲೇಮ್ ಎಂಬ ಕುದುರೆಯ ಎದುರು ತಲೆಯಷ್ಟು ಅಂತರದಿಂದ ಸೋತಿತು. ಇಪ್ಪತ್ತು ಓಟಗಳಲ್ಲಿ ಅದೊಂದೇ ಸೋಲು, ಮತ್ತು ನಾನು ಅದನ್ನು ಜೆನ್ಯಾಟಾದ ಪರವಾಗಿಯೇ ಎಣಿಸುತ್ತೇನೆ. ಬ್ಲ್ಯಾಕ್ ಕೇವಿಯರ್‌ನ 25 ಗೆಲುವುಗಳು ಅಲ್ಪ ದೂರದವು. ಆ ದೂರದ ರಾಣಿ ಎನ್ನಲು ತಕರಾರಿಲ್ಲ.

ಒಂದೇ ಹೆಸರು ಹೇಳಿ ಎಂದರೆ ಸೀ ದ ಸ್ಟಾರ್ಸ್ ಎನ್ನುತ್ತೇನೆ. ಮೊದಲ ಓಟದಲ್ಲೇ ಸೋತಿದ್ದ ಅದು 2009ರಲ್ಲಿ ಆರು ತಿಂಗಳಲ್ಲಿ ಆರು ಗ್ರೂಪ್ ಒನ್ (ಅತ್ಯುನ್ನತ ದರ್ಜೆಯ) ಪಂದ್ಯಗಳನ್ನು, ಎಂಟರಿಂದ ಹನ್ನೆರಡು ಫರ್ಲಾಂಗ್‌ವರೆಗೆ, ಇಂಗ್ಲೆಂಡ್, ಐರ್ಲೆಂಡ್, ಫ್ರಾನ್ಸ್‌ಗಳಲ್ಲಿ ಗೆದ್ದಿತು.

ಪ್ರಶ್ನೆ: ಅಂತರರಾಷ್ಟ್ರೀಯ ರೇಟಿಂಗ್ ಇರುವಾಗ ಈ ಚರ್ಚೆಯೇಕೆ?

ಉತ್ತರ: ರೇಟಿಂಗ್ ಅಳೆಯುವುದು ಕುದುರೆಯ ಅತ್ಯುತ್ತಮ ಓಟವನ್ನು, ಇಡೀ ವೃತ್ತಿಜೀವನವನ್ನಲ್ಲ. ಆ ಅಳತೆಯೂ ಕಲ್ಲಿನ ಮೇಲೆ ಕೊರೆದದ್ದಲ್ಲ: ಹಿಂದಿನ ತಲೆಮಾರಿನ ಕುದುರೆ ಡ್ಯಾನ್ಸಿಂಗ್ ಬ್ರೇವ್‌ಗೆ ಕೊಟ್ಟಿದ್ದ 141 ಅಂಕವನ್ನು 2013ರಲ್ಲಿ 138ಕ್ಕೆ ಇಳಿಸಲಾಯಿತು, ಅದರಿಂದಲೇ 140 ಅಂಕದ ಫ್ರಾಂಕೆಲ್ ಅಗ್ರಸ್ಥಾನಕ್ಕೇರಿತು. 2022ರಲ್ಲಿ ಪೆಸಿಫಿಕ್ ಕ್ಲಾಸಿಕ್ ಪಂದ್ಯವನ್ನು ಹತ್ತೊಂಬತ್ತು ಲೆಂಗ್ತ್‌ಗೂ ಮಿಕ್ಕ ಅಂತರದಿಂದ ಗೆದ್ದ ಫ್ಲೈಟ್‌ಲೈನ್‌ಗೂ ಅದೇ 140 ದೊರೆಯಿತು. ಆದರೆ ಅದು ಒಟ್ಟು ಓಡಿದ್ದು ಆರೇ ಪಂದ್ಯ.