ಅತ್ತೆಯ ಮಡಿಲು ಕಾಯುವ ಪುಟ್ಟ ನಾಯಿ

ಪ್ರಶ್ನೆ: ಗೋಣಿಕೊಪ್ಪಲಿನ ಬಳಿ ಕಾಫಿ ತೋಟದ ನಡುವೆ ನಮ್ಮ ಮನೆ. ಜೂನ್ ಮಳೆಯಲ್ಲಿ ಎರಡು ತಿಂಗಳ ಮರಿಯಾಗಿ ತಂದ ಪೊಮೆರೇನಿಯನ್ ಹೆಣ್ಣು ನಾಯಿಗೆ ಈಗ ಮೂರು ವರ್ಷ. ಶನಿವಾರ ಬಟವಾಡೆಗೆಂದು ಜಗಲಿಗೆ ಬರುವ ಕೆಲಸದವರ ಮೇಲೆ ಅದು ಎಗರುತ್ತದೆ. ಕಳೆದ ವಾರ ಅತ್ತೆಯವರ ಮಡಿಲಲ್ಲಿ ಕುಳಿತಿದ್ದಾಗ, ಅವರಿಗೆ ಮಾತ್ರೆ ಕೊಡಲು ಹೋದ ನನ್ನ ಗಂಡನ ಕೈಯನ್ನೇ ಕಚ್ಚಿತು. ‘ಪಾಪ, ನನ್ನನ್ನು ಕಾಯುತ್ತದೆ, ಬೈಯಬೇಡಿ’ ಎನ್ನುತ್ತಾರೆ ಅತ್ತೆ. ಇದು ನಿಜವಾಗಿ ಕಾವಲೇ?

ಉತ್ತರ: ಜಗಲಿಯಲ್ಲಿ ನಡೆಯುವುದು ಒಂದು, ಮಡಿಲಿನಲ್ಲಿ ನಡೆಯುವುದು ಇನ್ನೊಂದು. ನಮ್ಮಲ್ಲಿ ಪೊಮೆರೇನಿಯನ್ ಎಂದು ಕರೆಯುವ ನಾಯಿಗಳಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್ ಎಂಬ ಬೇರೆ ತಳಿಯವು ಎಂಬುದು ಹಾಗಿರಲಿ. ಎರಡೂ ಸ್ಪಿಟ್ಜ್ ಗುಂಪಿನವೇ, ಸಪ್ಪಳ ಕೇಳಿದೊಡನೆ ಬೊಗಳಿ ಮನೆಯವರನ್ನು ಎಚ್ಚರಿಸುವುದು ಎರಡರ ಗುಣವೂ ಹೌದು. ಪತ್ರಿಕೆ ಹಾಕುವವರು ಬರುತ್ತಾರೆ, ನಾಯಿ ಬೊಗಳುತ್ತದೆ, ಅವರು ತಮ್ಮ ಪಾಡಿಗೆ ಹೊರಡುತ್ತಾರೆ. ತಾನೇ ಓಡಿಸಿದೆ ಎಂದು ನಾಯಿ ದಿನವೂ ಕಲಿಯುತ್ತದೆ. ಬಟವಾಡೆಗೆ ಬಂದವರಾದರೋ ಹಣ ಎಣಿಸಿಕೊಳ್ಳುವವರೆಗೆ ಕದಲುವುದಿಲ್ಲ. ಬೊಗಳಿದರೂ ಹೋಗದವರನ್ನು ಕಂಡು ಅದು ಎಗರಲು ತೊಡಗಿದೆ. ಇದರ ಹಿಂದೆ ಶೌರ್ಯಕ್ಕಿಂತ ಭಯವೇ ಹೆಚ್ಚು. ಮರಿಗಳು ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಕಂಡ ಜನರನ್ನು ಸಹಜವಾಗಿ ಒಪ್ಪಿಕೊಳ್ಳುತ್ತವೆ. ನಿಮ್ಮ ಮರಿ ಆ ವಯಸ್ಸನ್ನು ಮಳೆಯಲ್ಲಿ, ಮುಚ್ಚಿದ ಬಾಗಿಲೊಳಗೆ ಕಳೆಯಿತು; ಜಡಿಮಳೆಯ ಕಕ್ಕಡ ತಿಂಗಳು ಮುಗಿದು ನೆಂಟರಿಷ್ಟರು ಬರಲಾರಂಭಿಸುವ ಹೊತ್ತಿಗೆ ಆ ಕಾಲ ದಾಟಿತ್ತು.

ಮಡಿಲಿನ ವಿಷಯದಲ್ಲಿ ಅತ್ತೆಯವರ ಮಾತನ್ನು ನಾನು ಒಪ್ಪಲಾರೆ. ಅವರು ಎದ್ದು ಅಡುಗೆಮನೆಗೆ ಹೋದಾಗ, ಅದೇ ಮಗ ಅವರ ಪಕ್ಕ ನಿಂತರೆ ನಾಯಿ ಗುರುಗುಟ್ಟುತ್ತದೆಯೇ ಎಂದು ದೂರದಿಂದಲೇ ಗಮನಿಸಿ. ಸುಮ್ಮನಿದ್ದರೆ ಅದು ಕಾಯುತ್ತಿರುವುದು ಅತ್ತೆಯವರನ್ನಲ್ಲ, ಎಲುಬನ್ನು ಕಾಯುವಂತೆ ಬೆಚ್ಚನೆಯ ಜಾಗವನ್ನು. ಕಚ್ಚುವ ಮುನ್ನ ಅದು ಸೂಚನೆ ಕೊಟ್ಟೇ ಇರುತ್ತದೆ: ಮೈ ಬಿಗಿಯುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಮುಖ ಅತ್ತ ತಿರುಗಿಸಿದರೂ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಗಣ್ಣಿನಿಂದ ಕೈಯನ್ನೇ ನೋಡುತ್ತದೆ. ದೊಡ್ಡ ನಾಯಿ ಹೀಗೆ ಮಾಡಿದರೆ ನಾವು ಹಿಂದೆ ಸರಿಯುತ್ತೇವೆ, ಅಂಗೈಯಗಲದ ನಾಯಿ ಮಾಡಿದರೆ ನಗುತ್ತೇವೆ. ಹಾಗಾಗಿ ಪುಟ್ಟ ನಾಯಿಗೆ ಹಲ್ಲೊಂದೇ ಮಾತಾಗಿ ಉಳಿಯುತ್ತದೆ.

ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ. ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಬದಲಿಗೆ, ನಾಯಿ ಇನ್ನೂ ಬಿಗಿಯದಷ್ಟು ದೂರದಲ್ಲಿ ನಿಮ್ಮ ಪತಿ ನಿಂತು, ಬೇಯಿಸಿದ ಕೋಳಿಯ ಚೂರೊಂದನ್ನು ನೆಲಕ್ಕೆ ಎಸೆದು ಹಿಂದಿರುಗಲಿ. ದಿನಕ್ಕೆ ಎಂಟು ಹತ್ತು ಸಲ ಹೀಗಾದ ಮೇಲೆ, ಅವರನ್ನು ಕಂಡೊಡನೆ ನಾಯಿ ತಾನಾಗಿ ಬಾಲ ಅಲ್ಲಾಡಿಸುತ್ತ ಕೆಳಗಿಳಿದರೆ ಮಾತ್ರ ಒಂದು ಹೆಜ್ಜೆ ಹತ್ತಿರ ಬರಲಿ. ಮಧ್ಯೆ ಅದು ಬಿಗಿದರೆ ಅತ್ತೆಯವರು ಬೈಯದೆ, ಮುದ್ದಿಸದೆ, ಸುಮ್ಮನೆ ಎದ್ದುಬಿಡಬೇಕು. ಇಡೀ ಚಿಕಿತ್ಸೆಯಲ್ಲಿ ಕಷ್ಟದ ಭಾಗ ಇದೇ, ನಾಯಿಗಲ್ಲ, ಅತ್ತೆಯವರಿಗೆ.

ಬಟವಾಡೆಯ ದಿನ ಜನ ಸೇರುವ ಮೊದಲೇ ಅದನ್ನು ಒಳಕೋಣೆಯಲ್ಲಿ ಕಡಿಯಲು ಏನಾದರೂ ಕೊಟ್ಟು ಇರಿಸಿ. ಜಗಲಿಯ ಕಂಬಕ್ಕೆ ಕಟ್ಟಬೇಡಿ. ಓಡಲು ದಾರಿಯಿಲ್ಲದ ನಾಯಿ ಬೇಗ ಕಚ್ಚುತ್ತದೆ. ರಾತ್ರಿ ಬೊಗಳಿದರೆ ‘ನೋಡಿ ಬಾ’ ಎಂದು ಹೊರಗೆ ಬಿಡಲೂಬೇಡಿ. ಕೊಡಗಿನ ತೋಟಗಳಲ್ಲಿ ಚಿರತೆಗೆ ನಾಯಿ ಸುಲಭದ ಬೇಟೆ.

ಮೊದಲು ಪಶುವೈದ್ಯರಿಗೆ ಒಮ್ಮೆ ತೋರಿಸಿ. ಈ ತಳಿಗಳಲ್ಲಿ ಹಲ್ಲಿನ ಪಾಚಿ, ಒಸಡಿನ ನೋವು, ಮಂಡಿಚಿಪ್ಪು ಜಾರುವುದು ಸಾಮಾನ್ಯ. ಎತ್ತಿದಾಗ ನೋಯುವ ನಾಯಿ ಚಾಚಿದ ಕೈಯನ್ನೆಲ್ಲ ಶತ್ರುವೆಂದೇ ತಿಳಿಯುತ್ತದೆ. ನಿಮ್ಮ ಪತಿ ಇನ್ನೂ ಆಸ್ಪತ್ರೆಗೆ ಹೋಗಿಲ್ಲವಾದರೆ, ಗಾಯ ಒಣಗಿದ್ದರೂ, ನಾಯಿಗೆ ವರ್ಷಾವರ್ಷ ರೇಬೀಸ್ ಲಸಿಕೆ ಆಗಿದ್ದರೂ ಇಂದೇ ಹೋಗಲಿ. ಮುಂದೆ ಹಲ್ಲು ತಾಗಿದರೆ ತಕ್ಷಣ 15 ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ನಂತರ ಆಸ್ಪತ್ರೆಗೆ ಹೊರಡಬೇಕು. ಸದ್ಯಕ್ಕೆ ಮಾತ್ರೆಯ ಹೊತ್ತಿಗೆ ನಾಯಿ ನೆಲದ ಮೇಲಿರಲಿ. ಅದನ್ನು ಇಳಿಸುವ ಕೈ ಅತ್ತೆಯವರದೇ ಆಗಿರಲಿ.